ಡ್ರೈವ್ ತೋರಿಸುವ ಅಂಕಿಯೂ ನಿಜವಾದ ಒತ್ತಡವೂ

ಇಂದು ಸಣ್ಣ ಕೈಗಾರಿಕೆಗಳಲ್ಲಿಯೂ ಪಂಪು, ಫ್ಯಾನುಗಳ ವೇಗವನ್ನು ನಿಯಂತ್ರಿಸಲು ವಿ.ಎಫ್.ಡಿ. ಎಂದು ಕರೆಯಲಾಗುವ ಮೋಟಾರ್ ಡ್ರೈವ್‌ಗಳು ಬಳಕೆಯಲ್ಲಿವೆ. ಡ್ರೈವ್‌ನ ಪರದೆಯ ಮೇಲೆ ಮೂಡುವ ಅಂಕಿಯನ್ನು ನಂಬಿ ಯಂತ್ರ ನಡೆಸುವುದು ರೂಢಿ. ಆದರೆ ಆ ಅಂಕಿ ನೇರ ಅಳತೆಯಲ್ಲ. ಸೆನ್ಸರ್ ಕಳುಹಿಸಿದ ವಿದ್ಯುತ್ ಸಂಕೇತವನ್ನು, ಡ್ರೈವ್‌ನಲ್ಲಿ ನಿಗದಿಪಡಿಸಿದ ಶ್ರೇಣಿಗೆ ಅನುಗುಣವಾಗಿ ಪರಿವರ್ತಿಸಿದ ಲೆಕ್ಕವದು. ಶ್ರೇಣಿ ತಪ್ಪಿದರೆ ಲೆಕ್ಕವೂ ತಪ್ಪುತ್ತದೆ.

ಒಂದು ಲೆಕ್ಕ

ನೀರಿನ ಪಂಪೊಂದನ್ನು ಉದಾಹರಣೆಯಾಗಿ ನೋಡಬಹುದು. 0ಯಿಂದ 10 ಬಾರ್‌ವರೆಗಿನ ಒತ್ತಡವನ್ನು ಅಳೆಯುವ ಪ್ರೆಶರ್ ಟ್ರಾನ್ಸ್‌ಮಿಟರ್, ಆ ಅಳತೆಯನ್ನು 4ರಿಂದ 20 ಮಿಲಿಆಂಪಿಯರ್ ಪ್ರವಾಹವಾಗಿ ಕಳುಹಿಸುತ್ತದೆ. ಒತ್ತಡವಿಲ್ಲದಾಗ 4, 5 ಬಾರ್‌ಗೆ 12, 10 ಬಾರ್‌ಗೆ 20 ಮಿಲಿಆಂಪಿಯರ್. ಡ್ರೈವ್‌ನ ಅನಲಾಗ್ ಇನ್‌ಪುಟ್ 0–20 ಮಿಲಿಆಂಪಿಯರ್ ಶ್ರೇಣಿಯಲ್ಲಿಯೇ ಉಳಿದಿದ್ದರೆ 5 ಬಾರ್ ಒತ್ತಡವನ್ನು ಅದು 6 ಬಾರ್ ಎಂದು ಓದುತ್ತದೆ. ಒತ್ತಡವೇ ಇಲ್ಲದಾಗಲೂ 2 ಬಾರ್ ತೋರಿಸುತ್ತದೆ. 5 ಬಾರ್ ಕಾಯ್ದುಕೊಳ್ಳುವಂತೆ ಹೊಂದಿಸಿದರೆ ನಿಜವಾಗಿ ದೊರೆಯುವುದು 3.75 ಬಾರ್ ಮಾತ್ರ. ಪರದೆಯಲ್ಲಿ 5 ಎಂದೇ ಇರುವುದರಿಂದ ದೋಷವನ್ನು ಪಂಪಿನ ಮೇಲೆ ಹೊರಿಸಿ ಹೊಸ ಪಂಪಿಗೆ ಹಣ ಸುರಿಯುವ ಸಂಭವವುಂಟು.

20 ಮಿಲಿಆಂಪಿಯರ್‌ನಲ್ಲಿ ಎರಡೂ ಶ್ರೇಣಿಗಳು 10 ಬಾರ್ ಎಂದೇ ಹೇಳುತ್ತವೆ. ಆದ್ದರಿಂದ ಗರಿಷ್ಠ ಮಟ್ಟದಲ್ಲಿ ಮಾತ್ರ ಪರೀಕ್ಷಿಸಿದರೆ ಈ ದೋಷ ಪತ್ತೆಯಾಗುವುದಿಲ್ಲ.

ಸೊನ್ನೆಯ ಬದಲು 4 ಏಕೆ?

ತಂತಿ ತುಂಡಾದಾಗ ಪ್ರವಾಹ ಸೊನ್ನೆಯಾಗುತ್ತದೆ. ಕನಿಷ್ಠ ಸಂಕೇತವೇ 4 ಆಗಿದ್ದರೆ, ಸೊನ್ನೆ ಎಂಬುದು ಅಳತೆಯಲ್ಲ, ದೋಷ ಎಂದು ಗುರುತಿಸಬಹುದು. 0–20 ಶ್ರೇಣಿಯಲ್ಲಿರುವ ಡ್ರೈವ್‌ಗೆ ಈ ವ್ಯತ್ಯಾಸ ತಿಳಿಯದು. ಒತ್ತಡ ಕುಸಿದಿದೆ ಎಂದು ಭಾವಿಸಿ ಪಂಪನ್ನು ಪೂರ್ಣ ವೇಗಕ್ಕೆ ಏರಿಸುತ್ತದೆ. ಕೊಳವೆ ಒಡೆಯಲು ಇಷ್ಟು ಸಾಕು. ಹಲವು ಡ್ರೈವ್‌ಗಳಲ್ಲಿ 4–20 ಶ್ರೇಣಿಯನ್ನು ಆರಿಸಿದ ಬಳಿಕವೂ ಸಂಕೇತ ನಷ್ಟದ ರಕ್ಷಣೆಯನ್ನು ಪ್ರತ್ಯೇಕವಾಗಿ ಚಾಲನೆಗೊಳಿಸಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಮೂರು ಪರೀಕ್ಷೆಗಳು

ಹೊಸ ಡ್ರೈವ್ ಅಳವಡಿಸಿದಾಗ ಅಥವಾ ಟ್ರಾನ್ಸ್‌ಮಿಟರ್ ಬದಲಿಸಿದಾಗ ಮೂರು ಪರೀಕ್ಷೆಗಳು ಅಗತ್ಯ. ಒತ್ತಡವಿಲ್ಲದಾಗ ಪರದೆ ಸೊನ್ನೆ ತೋರಿಸಬೇಕು. ಮಧ್ಯದ ಒತ್ತಡದಲ್ಲಿ ಪರದೆಯ ಅಂಕಿ ಕೊಳವೆಯ ಮೇಲಿನ ಗೇಜಿಗೆ ಹೊಂದಬೇಕು. ಅರ್ಹ ಎಲೆಕ್ಟ್ರಿಷಿಯನ್‌ನ ಸಮ್ಮುಖದಲ್ಲಿ ಸಂಕೇತದ ತಂತಿಯನ್ನು ಬಿಡಿಸಿದಾಗ ಡ್ರೈವ್ ದೋಷ ಸೂಚಿಸಿ ಸುರಕ್ಷಿತವಾಗಿ ನಿಲ್ಲಬೇಕು. ಈ ಫಲಿತಾಂಶಗಳನ್ನೂ ಡ್ರೈವ್‌ನಲ್ಲಿ ಹೊಂದಿಸಿದ ಶ್ರೇಣಿಯನ್ನೂ ನಿರ್ವಹಣಾ ಪುಸ್ತಕದಲ್ಲಿ ದಾಖಲಿಸಿಟ್ಟರೆ, ಮುಂದೆ ಡ್ರೈವ್ ಬದಲಿಸುವವರಿಗೆ ಊಹೆಯ ಮೇಲೆ ಕೆಲಸ ಮಾಡುವ ಪ್ರಸಂಗ ಬರುವುದಿಲ್ಲ.