ರಿಂಗೆಟ್: ಮಂಜುಗಡ್ಡೆಯ ಮೇಲೊಂದು ಆಟ

ಐಸ್ ಹಾಕಿ ಗಂಡುಮಕ್ಕಳ ಆಟವೆನಿಸಿದ್ದ ಕಾಲದಲ್ಲಿ, 1963ರಲ್ಲಿ, ಕೆನಡಾದ ನಾರ್ತ್ ಬೇ ಪಟ್ಟಣದ ಸ್ಯಾಮ್ ಜಾಕ್ಸ್ ಹುಡುಗಿಯರಿಗೆಂದೇ ರಿಂಗೆಟ್ ಆಟವನ್ನು ರೂಪಿಸಿದರು. ಕಾಲಿಗೆ ಸ್ಕೇಟ್, ಕೈಯಲ್ಲಿ ನೇರ ಕೋಲು, ಚೆಂಡಿನ ಬದಲು ರಬ್ಬರ್ ಬಳೆ. ಕೋಲಿನ ತುದಿಯನ್ನು ಬಳೆಯೊಳಗಿಟ್ಟು ಎಳೆದೊಯ್ಯಬೇಕು. ತಂಡಕ್ಕೆ ಗೋಲ್‌ಕೀಪರ್ ಸೇರಿ ಆರು ಮಂದಿ.

ನನಗೆ ಬಹಳ ಹಿಡಿಸಿದ್ದು ನೀಲಿ ಗೆರೆಯ ನಿಯಮ. ಎಷ್ಟೇ ಚುರುಕಿನ ಆಟಗಾರ್ತಿಯಾದರೂ ಬಳೆಯನ್ನು ತಾನೇ ಗೆರೆ ದಾಟಿಸುವಂತಿಲ್ಲ, ಜೊತೆಯವಳಿಗೆ ಕೊಡಲೇಬೇಕು. (ನಮ್ಮ ಫುಟ್‌ಬಾಲ್ ಗೆಳೆಯರು ಗಮನಿಸಲಿ!)

ಪೂರ್ವ, ಪಶ್ಚಿಮ ಕೆನಡಾಗಳ ಪ್ರಾದೇಶಿಕ ಚಾಂಪಿಯನ್‌ಶಿಪ್‌ಗಳಲ್ಲಿ ಹದಿಹರೆಯದವರಿಗಷ್ಟೇ ಅಲ್ಲ, 18 ದಾಟಿದವರಿಗೂ ವಿಭಾಗವಿದೆ. ಪಿಯುಸಿ ಮುಗಿದೊಡನೆ ಥ್ರೋಬಾಲ್ ಬಿಡಬೇಕಾಗಿ ಬಂದ ನನ್ನ ಅಕ್ಕನಿಗೆ ಇದನ್ನು ಹೇಳಿದೆ. “ಮೊದಲು ನಮ್ಮೂರಲ್ಲಿ ಒಂದು ಥ್ರೋಬಾಲ್ ತಂಡ ಕಟ್ಟೋಣ, ಮಂಜುಗಡ್ಡೆ ಆಮೇಲೆ” ಎಂದಳು.