ಹಳೇ ಫ್ರಿಜ್ ಮಾರಿದರೂ ತೆರಿಗೆ ನೋಟಿಸ್ ಬರುತ್ತದೆಯೇ?

2025ರ ಜುಲೈ ತಿಂಗಳು. ನಮ್ಮ ಮನೆಗೆ ಹೊಸ ಫ್ರಿಜ್ ಬಂದಿತ್ತು. ಹನ್ನೊಂದು ವರ್ಷ ದುಡಿದ ಹಳೇ ಫ್ರಿಜ್ಜು ಪಡಸಾಲೆಯಲ್ಲಿ ಓಡಾಡುವವರ ಕಾಲಿಗೆ ಅಡ್ಡವಾಗಿ ನಿಂತಿತ್ತು. ಜೊತೆಗೆ ಮಗನಿಗೆ ಸಣ್ಣದಾಗಿಹೋದ ಸೈಕಲ್ಲು, ಅತ್ತೆಯವರ ಕಾಲದ ಕಬ್ಬಿಣದ ಕಪಾಟು. ಮೂರರ ಫೋಟೊ ತೆಗೆದು ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದೆ. ಎರಡೇ ದಿನಕ್ಕೆ ಎಲ್ಲವೂ ಖಾಲಿ! ಫ್ರಿಜ್ಜು ಮುಧೋಳಕ್ಕೆ ಹೋಯಿತು, ಸೈಕಲ್ಲು ಬನಹಟ್ಟಿಗೆ, ಕಪಾಟು ನಮ್ಮ ಜಮಖಂಡಿಯಲ್ಲೇ ಎರಡು ಓಣಿ ಆಚೆಗೆ. ಮೂವರೂ ಹಣವನ್ನು ಫೋನಿನಲ್ಲೇ ಹಾಕಿದರು. ಒಟ್ಟು 9,300 ರೂಪಾಯಿ. ನನಗೋ ಹಿಗ್ಗೋ ಹಿಗ್ಗು.

ಆ ಹಿಗ್ಗು ಸಂಜೆವರೆಗೂ ಉಳಿಯಲಿಲ್ಲ. ಪಕ್ಕದ ಮನೆಯ ವೈನಿ ಕಾಂಪೌಂಡಿನ ಆಚೆಯಿಂದಲೇ ಕೇಳಿದರು, “ಫ್ರಿಜ್ ಮಾರಿದ್ರಂತಲ್ರೀ? ರೊಕ್ಕ ಫೋನ್‌ನ್ಯಾಗ ತಗೊಂಡ್ರೇನು? ಪೇಪರ್ ನೋಡೀರಿಲ್ಲೋ? ಇನ್ನ ನಿಮಗೂ ನೋಟಿಸ್ ಬರ್ತದ ನೋಡ್ರಿ!”

ಎದೆ ಧಸಕ್ಕೆಂದಿತು. ಮರುದಿನ ಬೀಳಗಿಯಿಂದ ಒಬ್ಬ ಹೆಣ್ಣುಮಗಳು ನನ್ನ ಹಳೇ ಹೊಲಿಗೆ ಯಂತ್ರ ನೋಡಲು ಬಂದಳು. ಹೊಲಿಗೆ ಕಲಿತು ನಾಲ್ಕು ಕಾಸು ಸಂಪಾದಿಸುವ ಆಸೆ ಆಕೆಗೆ. ಯಂತ್ರ ಹಿಡಿಸಿತು, ದರವೂ ಕುದುರಿತು. ಅಷ್ಟರಲ್ಲಿ ನಾನು, “ರೊಕ್ಕ ಕೈಯಾಗ ಕೊಡ್ರಿ, ಫೋನಿಗೆ ಬ್ಯಾಡ” ಅಂದುಬಿಟ್ಟೆ. ಆಕೆಯ ಪರ್ಸಿನಲ್ಲಿ ಅಷ್ಟು ನಗದು ಇರಲಿಲ್ಲ. “ಆಮ್ಯಾಲೆ ಬರ್ತೀನ್ರೀ ಅಕ್ಕಾರ” ಎಂದು ಹೋದವಳು ಬರಲಿಲ್ಲ. ಯಂತ್ರ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ಕುಳಿತಿತು.

ಹೇಳಿ, ಆ ದಿನಗಳಲ್ಲಿ ನಿಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತಲ್ಲವೇ?

ಆ ನೋಟಿಸ್ ಯಾರಿಗೆ ಬಂದಿತ್ತು?

ಮೊದಲು ಆ ಗದ್ದಲ ಏನೆಂದು ನೆನಪು ಮಾಡಿಕೊಳ್ಳೋಣ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಲೆಕ್ಕ ತರಿಸಿಕೊಂಡು ನೋಡಿತ್ತು. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಹಣ ಬಂದಿದ್ದೂ ಜಿಎಸ್‌ಟಿ ನೋಂದಣಿ ಮಾಡಿಸದ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ಕಟ್ಟುವಂತೆ ಬಂದ ನೋಟಿಸ್ ದೊಡ್ಡ ಸುದ್ದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಆದರೂ! ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಜೊತೆ ಸಭೆ ನಡೆಸಿದರು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು ಎಂದರು.

ಗಮನಿಸಿ, ಅಲ್ಲಿ ಮಾತು ಇದ್ದದ್ದು ವ್ಯಾಪಾರದ್ದು, ಅದೂ ವರ್ಷಕ್ಕೆ 40 ಲಕ್ಷ ದಾಟಿದ ವ್ಯಾಪಾರದ್ದು. ನನ್ನ 9,300 ರೂಪಾಯಿಗೂ ಅದಕ್ಕೂ ಯಾವ ನಂಟೂ ಇಲ್ಲ. ಇದು ನನಗೆ ತಿಳಿದದ್ದು ತೆರಿಗೆ ಲೆಕ್ಕ ಬರೆಯುವ ನಮ್ಮ ಸೋದರಮಾವನನ್ನು ಕೇಳಿದ ಮೇಲೆ. ಅವರು ನಕ್ಕು ಹೇಳಿದ್ದು ಒಂದೇ ಮಾತು, “ತಂಗೀ, ರೊಕ್ಕ ಫೋನಿನ್ಯಾಗ ಬಂತೋ ಕೈಯಾಗ ಬಂತೋ ಅಂತ ಕಾನೂನು ಕೇಳೂದಿಲ್ಲ. ಏನು ಮಾರಿದಿ, ಯಾಕ ಮಾರಿದಿ ಅಂತ ಕೇಳ್ತದ.”

ನೀವೂ ಈ ಮಾತನ್ನು ಸೆರಗಿಗೆ ಗಂಟು ಹಾಕಿಕೊಳ್ಳಿ. ಉಳಿದದ್ದೆಲ್ಲ ಅದರ ವಿವರಣೆಯಷ್ಟೇ.

ಬಳಸಿದ ಸಾಮಾನಿಗೆ ತೆರಿಗೆ ಇಲ್ಲ

ನಾವು ಮತ್ತು ನಮ್ಮ ಮನೆಯವರು ಬಳಸಲೆಂದು ಇಟ್ಟುಕೊಂಡ ಬಟ್ಟೆಬರೆ, ಪೀಠೋಪಕರಣ, ಪಾತ್ರೆಗಳಂಥ ಚರ ವಸ್ತುಗಳನ್ನು 1961ರ ಆದಾಯ ತೆರಿಗೆ ಕಾಯ್ದೆ ‘ಬಂಡವಾಳ ಆಸ್ತಿ’ಯ ಲೆಕ್ಕದಿಂದಲೇ ಹೊರಗಿಟ್ಟಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯೂ ಇದನ್ನು ಹಾಗೆಯೇ ಉಳಿಸಿಕೊಂಡಿದೆ. ಅಂದರೆ ಹಳೇ ಫ್ರಿಜ್ಜು, ಟಿ.ವಿ., ಮಂಚ, ಮಿಕ್ಸರ್, ಮಗುವಿನ ತೊಟ್ಟಿಲು, ಉಟ್ಟ ಇಳಕಲ್ ಸೀರೆ ಯಾವುದನ್ನು ಮಾರಿದರೂ ಆ ಹಣಕ್ಕೆ ಆದಾಯ ತೆರಿಗೆ ಇಲ್ಲ. ಆಲಮಟ್ಟಿ ಹಿನ್ನೀರಿನಿಂದ ಊರು ಬಿಟ್ಟ ಬೀಳಗಿ ಕಡೆಯ ಎಷ್ಟೋ ಮನೆಗಳಲ್ಲಿ ಅಜ್ಜಿಯ ಹಿತ್ತಾಳೆ ಹಂಡೆ, ತಾಮ್ರದ ಕೊಡ ಈಗಲೂ ಇವೆ. ಅವನ್ನು ಕೊಂಡದ್ದಕ್ಕಿಂತ ಹತ್ತು ಪಟ್ಟು ಹೆಚ್ಚಿಗೆ ಮಾರಿದರೂ, ಅವು ಮನೆಬಳಕೆಯ ಪಾತ್ರೆಗಳೇ ಆಗಿದ್ದರೆ ಇದೇ ನಿಯಮ.

ಜಿಎಸ್‌ಟಿಯ ಕತೆಯೂ ಅಷ್ಟೇ. ವ್ಯಾಪಾರದ ಭಾಗವಾಗಿ ಮಾರಿದ್ದಕ್ಕೆ ಮಾತ್ರ ಜಿಎಸ್‌ಟಿ. 2017ರ ಜುಲೈನಲ್ಲಿ, ಹಳೇ ಆಭರಣ ಮಾರುವ ಹೆಂಗಸರೂ ಜಿಎಸ್‌ಟಿ ಕೊಡಬೇಕಂತೆ ಎಂಬ ಗೊಂದಲ ಎದ್ದಾಗ ಹಣಕಾಸು ಸಚಿವಾಲಯವೇ ‘ಹಾಗಲ್ಲ, ಅದು ಅವರ ವ್ಯಾಪಾರವಲ್ಲ’ ಎಂದು ಸ್ಪಷ್ಟಪಡಿಸಿತ್ತು. 2024ರ ಡಿಸೆಂಬರಿನಲ್ಲಿ ಹಳೇ ಕಾರುಗಳ ಮೇಲೆ ಶೇ. 18 ಜಿಎಸ್‌ಟಿ ಸುದ್ದಿಯಾದಾಗಲೂ ಅಷ್ಟೇ. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ತನ್ನ ಸ್ಕೂಟಿ ಮಾರುವ ಗೃಹಿಣಿಗಲ್ಲ.

ಈ ಗೊಂದಲ ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ 600 ಡಾಲರ್ ದಾಟಿದ ಮಾರಾಟದ ಹಣವನ್ನು ಪಾವತಿ ಕಂಪನಿಗಳು ಸರ್ಕಾರಕ್ಕೆ ವರದಿ ಮಾಡಬೇಕೆಂದು 2021ರಲ್ಲಿ ಕಾನೂನಾಗಿತ್ತು. ಹಳೇ ಸೋಫಾ ಮಾರಿದವರೂ ಬೆವೆತರು! ಜಾರಿಯನ್ನು ಮುಂದೂಡುತ್ತಾ ಬಂದು, 2025ರ ಜುಲೈನಲ್ಲಿ ಮಿತಿಯನ್ನು ಮತ್ತೆ 20,000 ಡಾಲರ್ ಮತ್ತು 200 ವ್ಯವಹಾರಗಳಿಗೆ ಏರಿಸಿದರು. ನಮ್ಮದು ಬೇರೆ ಕಾನೂನು, ಆದರೆ ಗಾಬರಿ ಮಾತ್ರ ಒಂದೇ.

ಬಂಗಾರದ ಮಾತೇ ಬೇರೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಮನೆಬಳಕೆಯ ವಸ್ತುಗಳಿಗಿರುವ ರಿಯಾಯಿತಿ ಆಭರಣಕ್ಕಿಲ್ಲ. ದಿನಾ ಕೊರಳಲ್ಲಿದ್ದ ಬೋರಮಾಳ ಸರವಾಗಲಿ, ಕೈಯಲ್ಲಿನ ಪಾಟಲಿಯಾಗಲಿ, ಕಾಲಿನ ಬೆಳ್ಳಿ ಚೈನಾಗಲಿ ಕಾನೂನಿನ ಕಣ್ಣಿಗೆ ಅದು ಆಸ್ತಿ. ಬಟ್ಟೆಗೆ ಕೂಡಿಸಿ ಹೊಲಿದ ಬಂಗಾರದ ಆಭರಣವೂ ಹರಳೂ ಇದೇ ಲೆಕ್ಕಕ್ಕೆ ಬರುತ್ತವೆ. ಚಿತ್ರಕಲೆ, ಶಿಲ್ಪದಂಥ ಕಲಾಕೃತಿಗಳಿಗೂ ರಿಯಾಯಿತಿ ಇಲ್ಲ.

ಆದರೆ ತೆರಿಗೆ ಬೀಳುವುದು ಬಂದ ಪೂರ್ತಿ ಹಣಕ್ಕಲ್ಲ, ಲಾಭಕ್ಕೆ ಮಾತ್ರ. 2024ರ ಜುಲೈ 23ರಿಂದ ಈಚೆಗಿನ ನಿಯಮದಂತೆ, ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಲಾಭಕ್ಕೆ ಶೇ. 12.5 ತೆರಿಗೆ, ಅದರ ಮೇಲೆ ಸೆಸ್. ಅದಕ್ಕಿಂತ ಮೊದಲೇ ಮಾರಿದರೆ ಲಾಭವನ್ನು ನಿಮ್ಮ ಉಳಿದ ಆದಾಯಕ್ಕೆ ಕೂಡಿಸುತ್ತಾರೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮದುವೆಯಲ್ಲಿ ತಾಯಿ ಕೊಟ್ಟ ಪಾಟಲಿಯನ್ನು ಮಗಳ ಕಾಲೇಜು ಫೀಜಿಗೆಂದು 2,60,000 ರೂಪಾಯಿಗೆ ಮಾರಿದಿರಿ. ಉಡುಗೊರೆ ಬಂದದ್ದಾದರೆ, ಕೊಟ್ಟವರು ಅದನ್ನು ಕೊಂಡಾಗಿನ ಬೆಲೆಯೇ ನಿಮ್ಮ ಬೆಲೆ. ತಾಯಿ 60,000ಕ್ಕೆ ಮಾಡಿಸಿದ್ದರು ಎನ್ನಿ. ಲಾಭ 2,00,000. ಶೇ. 12.5ರಂತೆ ತೆರಿಗೆ 25,000, ಸೆಸ್ ಸೇರಿ 26,000. ಗಾಬರಿಯಾಗಬೇಡಿ! ನಿಮಗೆ ಬೇರೆ ಆದಾಯವೇ ಇಲ್ಲದಿದ್ದರೆ ಮೂಲ ವಿನಾಯಿತಿ ಮಿತಿಯನ್ನು ಈ ಲಾಭಕ್ಕೆ ಹೊಂದಿಸಬಹುದು. 2025-26ರ ಹೊಸ ಪದ್ಧತಿಯಲ್ಲಿ ಅದು 4 ಲಕ್ಷ. ಹಾಗಾಗಿ ಕಟ್ಟಬೇಕಾದದ್ದು ಸೊನ್ನೆ. ಆದರೆ ‘12 ಲಕ್ಷದವರೆಗೆ ತೆರಿಗೆ ಇಲ್ಲ’ ಎಂದು ಕೇಳಿದ್ದೀರಲ್ಲ, ಆ ರಿಬೇಟ್ ಈ ಬಗೆಯ ಲಾಭಕ್ಕೆ ಸಿಗುವುದಿಲ್ಲ.

ಇನ್ನೂ ಮೂರು ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ:

• ಹಳೇ ಬಂಗಾರ ಕೊಟ್ಟು ಹೊಸದು ಮಾಡಿಸುವುದೂ ಕಾನೂನಿನಲ್ಲಿ ಮಾರಿದಂತೆಯೇ. ಒತ್ತೆ ಇಡುವುದು ಮಾರಾಟವಲ್ಲ.

• ಮದುವೆಯಾದ ಮೇಲೆ ಗಂಡ ತನ್ನ ದುಡ್ಡಿನಲ್ಲಿ ಕೊಡಿಸಿದ ಬಂಗಾರ ಮಾರಿದರೆ ಲಾಭವನ್ನು ಸಾಮಾನ್ಯವಾಗಿ ಗಂಡನ ಆದಾಯಕ್ಕೇ ಸೇರಿಸುತ್ತಾರೆ. ಅತ್ತೆ-ಮಾವ ಸೊಸೆಗೆ ಉಡುಗೊರೆ ಕೊಟ್ಟದ್ದಕ್ಕೂ ಇಂಥದೇ ನಿಯಮ, ಲಾಭ ಕೊಟ್ಟವರ ಲೆಕ್ಕಕ್ಕೆ. ತವರಿನದಾದರೆ ಲೆಕ್ಕ ನಿಮ್ಮದೇ.

• 2001ರ ಏಪ್ರಿಲ್ 1ಕ್ಕಿಂತ ಮೊದಲು ಮಾಡಿಸಿದ ಒಡವೆಯಾದರೆ, ಕೊಂಡ ಬೆಲೆಯ ಬದಲು ಆ ದಿನದ ಮಾರುಕಟ್ಟೆ ಬೆಲೆಯನ್ನು ಹಿಡಿಯಬಹುದು. ಅಜ್ಜಿಯ ಕಾಲದ ಒಡವೆಗೆ ಇದರಿಂದ ಲಾಭ ಬಹಳ ಕಡಿಮೆಯಾಗುತ್ತದೆ.

ಮಾವನ ಮಾತು ಕೇಳಿ ನನಗೆ ನನ್ನದೇ ಒಂದು ತಪ್ಪು ನೆನಪಾಯಿತು. ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಒಂದೆಳೆ ಸರ ಮಾರಿದ್ದೆ. ಅವರು ತೂಕ, ದರ ಏನನ್ನೂ ಬರೆದುಕೊಡಲಿಲ್ಲ, ನಾನೂ ಸಂಕೋಚಕ್ಕೆ ಕೇಳಲಿಲ್ಲ. ಇವತ್ತು ಯಾರಾದರೂ ಕೇಳಿದರೆ ತೋರಿಸಲು ಒಂದು ಚೀಟಿಯೂ ಇಲ್ಲ. ನೀವು ಹಾಗೆ ಮಾಡಬೇಡಿ.

ಅಂಗಡಿಯ ಕ್ಯೂಆರ್ ಕೋಡ್ ಯಾರ ಹೆಸರಿನಲ್ಲಿದೆ?

ನಿಜವಾಗಿ ಭಯಪಡಬೇಕಾದದ್ದು ಇದಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಗಡಿ ಗಂಡನದು ಅಥವಾ ಮೈದುನನದು, ಆದರೆ ಗಲ್ಲಾದ ಮುಂದೆ ಅಂಟಿಸಿದ ಕ್ಯೂಆರ್ ಕೋಡ್ ಹೆಂಡತಿಯದು! “ನಿನ್ನ ಖಾತೆ ಖಾಲೀನ ಅದ, ಅದಕ್ಕ ಹಾಕೂಣು” ಎಂದರೆ ನಾವು ತಲೆ ಆಡಿಸಿಬಿಡುತ್ತೇವೆ. ಹಣ ಬಂದದ್ದು ನಿಮ್ಮ ಖಾತೆಗೆ, ಪಾನ್ ನಿಮ್ಮದು. ನಾಳೆ ಪ್ರಶ್ನೆ ಬಂದರೆ ಉತ್ತರ ಕೊಡಬೇಕಾದವರೂ ನೀವೇ. ನಿಮ್ಮ ಹಳೇ ಕಪಾಟಿನ 3,000 ರೂಪಾಯಿಯೂ ಅದೇ ರಾಶಿಯಲ್ಲಿ ಬಿದ್ದಿದ್ದರೆ ಯಾವುದು ಯಾವುದೆಂದು ಬಿಡಿಸಿ ಹೇಳುವುದು ಹೇಗೆ? ಅಂಗಡಿಯ ಹಣ ಅಂಗಡಿಯವರ ಖಾತೆಗೇ ಹೋಗಲಿ. ಇದನ್ನು ಜಗಳವಾಡದೆ, ಆದರೆ ಗಟ್ಟಿಯಾಗಿ ಹೇಳಿ.

ಇನ್ನು ರಬಕವಿ-ಬನಹಟ್ಟಿಯ ಮಗ್ಗಗಳಿಂದ ಸೀರೆ ತಂದು ವಾಟ್ಸ್ಯಾಪ್‌ನಲ್ಲಿ ಮಾರುವ ಅಕ್ಕ-ತಂಗಿಯರಿದ್ದೀರಿ. ಅದು ಹಳೇ ಸೀರೆ ಮಾರಿದಂತಲ್ಲ, ವ್ಯಾಪಾರ. ಸಣ್ಣದಾದರೂ ಅದರ ಲಾಭ ನಿಮ್ಮ ಆದಾಯ. ರಾಜ್ಯದೊಳಗೆ ಮಾರುವುದು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸಾಂಗ್ಲಿ, ಸೊಲ್ಲಾಪುರದ ಗಿರಾಕಿಗಳಿಗೆ ಕಳಿಸುತ್ತೀರಾದರೆ ಅದು ಬೇರೆ ರಾಜ್ಯ, ನಿಯಮವೂ ಬೇರೆ. ಮೊದಲೇ ತಿಳಿದವರನ್ನು ಕೇಳಿ. ವ್ಯಾಪಾರಕ್ಕೆ ಬೇರೆಯೇ ಒಂದು ಖಾತೆ ಇಟ್ಟುಕೊಂಡರೆ ಅರ್ಧ ತಲೆನೋವು ಹೋದಂತೆ.

ಹೀಗೆ ಮಾಡಿ, ನಿಶ್ಚಿಂತೆಯಿಂದಿರಿ

• ಹಳೇ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಏನು ಮಾರಿದಿರಿ, ಯಾವತ್ತು, ಯಾರಿಗೆ, ಎಷ್ಟಕ್ಕೆ ಎಂದು ಬರೆದಿಡಿ. ಹಳೇ ಬಿಲ್ಲು, ವಸ್ತುವಿನ ಫೋಟೊ, ವಾಟ್ಸ್ಯಾಪ್ ಮಾತುಕತೆ ಅಳಿಸಬೇಡಿ.

• ಹಣ ಹಾಕುವವರಿಗೆ ‘ಹಳೇ ಫ್ರಿಜ್’ ಎಂದು ಸಂದೇಶದ ಜಾಗದಲ್ಲಿ ಬರೆಯಲು ಹೇಳಿ. ಮುಂದೆ ನಿಮಗೇ ನೆನಪಾಗುತ್ತದೆ.

• ಒಡವೆ ಮಾರಿದಾಗ ತೂಕ, ಆ ದಿನದ ದರ, ಕಳೆದ ಸವಕಳಿ ಎಲ್ಲ ಇರುವ ರಸೀದಿ ಕೇಳಿ ಪಡೆಯಿರಿ. ಹಣ ಬ್ಯಾಂಕಿಗೇ ಬರಲಿ. ಯಾರಿಂದಲೂ 2 ಲಕ್ಷ ಅಥವಾ ಹೆಚ್ಚು ನಗದು ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ.

• ಸ್ಕೂಟಿ ಮಾರಿದರೆ ಆರ್.ಸಿ. ಹೆಸರು ಬದಲಾಗುವವರೆಗೂ ಬೆನ್ನು ಬಿಡಬೇಡಿ.

• ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನಿಮ್ಮ ಪಾನ್ ಹಾಕಿ ಲಾಗಿನ್ ಆದರೆ ‘ವಾರ್ಷಿಕ ಮಾಹಿತಿ ಪಟ್ಟಿ’ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಏನೇನು ದಾಖಲಾಗಿದೆ ಎಂದು ವರ್ಷಕ್ಕೊಮ್ಮೆ ನೋಡಿ. ತಪ್ಪಿದ್ದರೆ ಅಲ್ಲೇ ತಿಳಿಸಬಹುದು.

• ಫೋನಿಗೆ ‘ತೆರಿಗೆ ನೋಟಿಸ್’ ಎಂದು ಲಿಂಕ್ ಬಂದರೆ ಒತ್ತಬೇಡಿ. ಆದಾಯ ತೆರಿಗೆಯ ನಿಜವಾದ ನೋಟಿಸಿಗೆ ದಾಖಲೆ ಸಂಖ್ಯೆ ಇರುತ್ತದೆ, ಅದನ್ನು ಪೋರ್ಟಲ್‌ನಲ್ಲೇ ಪರೀಕ್ಷಿಸಬಹುದು. ನಿಜವೇ ಆಗಿದ್ದರೆ ಕಪಾಟಿನಲ್ಲಿ ಬಚ್ಚಿಡದೆ ಗಡುವಿನೊಳಗೆ ಉತ್ತರ ಕೊಡಿ.

• ಮರೆಯಬೇಡಿ, ಹಣ ಬರಲು ಪಿನ್ ಬೇಡ. ಕೊಳ್ಳುವವನು ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ’ ಎಂದರೆ ಅದು ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಂದಹಾಗೆ, ನನ್ನ ಹೊಲಿಗೆ ಯಂತ್ರದ ಕತೆ ಏನಾಯಿತು ಅಂತೀರಾ? ವಾಟ್ಸ್ಯಾಪ್‌ನಲ್ಲಿ ಆಕೆಯ ನಂಬರ್ ಇನ್ನೂ ಇತ್ತು. ನಾಲ್ಕು ತಿಂಗಳ ಮೇಲೆ ನಾನೇ ಫೋನ್ ಮಾಡಿದೆ. ಅಷ್ಟರಲ್ಲಿ ಇಲಿ ಬೆಲ್ಟು ಕಡಿದಿತ್ತು. ಹೊಸ ಬೆಲ್ಟು ಹಾಕಿಸಿ, ಮೊದಲು ಹೇಳಿದ್ದಕ್ಕಿಂತ 300 ರೂಪಾಯಿ ಕಡಿಮೆ ಮಾಡಿ ಕೊಟ್ಟೆ. ಆಕೆ ಅಂಜುತ್ತಲೇ ಕೇಳಿದಳು, “ಫೋನಿಗೆ ಹಾಕಿದ್ರ ನಡೀತದೇನ್ರೀ ಅಕ್ಕಾರ?”

“ಹಾಕವಾ, ಧಾರಾಳ ಹಾಕು” ಅಂದೆ. ಹಾಕಿದಳು. ನಾನು ನೋಟ್‌ಬುಕ್ಕಿನ ಹಾಳೆ ತೆಗೆದು ಬರೆದೆ: ಹಳೇ ಹೊಲಿಗೆ ಯಂತ್ರ, ಬೀಳಗಿ.

ನೀವೂ ಇವತ್ತೇ ಒಂದು ಹಾಳೆ ತೆಗೆದಿಡಿ. ಏನಂತೀರಿ?