ಕಾನೂನು ಪಾಠ: ಮಕ್ಕಳಿಗಿಂತ ಮೊದಲು ಮೇಷ್ಟ್ರಿಗೆ

ನಮ್ಮಲ್ಲಿ ಬಹುತೇಕರು ಸಂವಿಧಾನದ ಪೇಪರ್ ಬರೆದು ಪಾಸಾದವರೇ. ಹಿಂದಿನ ರಾತ್ರಿ ವಿಧಿ 14, 19, 21 ಅಂತ ಬಾಯಿಪಾಠ ಮಾಡಿ, ಬೆಳಿಗ್ಗೆ ಬರೆದು ಬಂದು, ಸಂಜೆ ಹೊತ್ತಿಗೆ ಮರೆತದ್ದೂ ಆಯ್ತು. ಹೈಸ್ಕೂಲಿನ ಸಮಾಜ ವಿಜ್ಞಾನದಲ್ಲೂ ಇದೇ ಕಥೆ. ಮೂಲಭೂತ ಹಕ್ಕುಗಳ ಪಟ್ಟಿ ಬರುತ್ತೆ, ಅದು ಎಲ್ಲಿ ಕೆಲಸಕ್ಕೆ ಬರುತ್ತೆ ಅನ್ನೋದು ಬರಲ್ಲ. ಪಟ್ಟಿ ಬದಲು ಒಂದು ನಿಜವಾದ ಕೇಸ್ ಇಟ್ಟುಕೊಂಡು ಕಲಿಸಿದರೆ ಹೇಗಿರುತ್ತೆ ನೋಡಿ.

1985, ಕೇರಳದ ಒಂದು ಶಾಲೆ. ಒಂದೇ ಮನೆಯ ಮೂವರು ಮಕ್ಕಳು ರಾಷ್ಟ್ರಗೀತೆ ಬಂದಾಗ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಅವರು ಯೆಹೋವನ ಸಾಕ್ಷಿಗಳು ಎಂಬ ಪಂಗಡದವರು, ಹಾಡುವುದು ಅವರ ನಂಬಿಕೆಗೆ ಒಪ್ಪುತ್ತಿರಲಿಲ್ಲ. ಶಾಲೆ ಮೂವರನ್ನೂ ಹೊರಗೆ ಹಾಕಿತು.

ಕ್ಲಾಸಿನಲ್ಲಿ ಕಥೆಯನ್ನ ಇಲ್ಲಿಗೇ ನಿಲ್ಲಿಸಬೇಕು. ತೀರ್ಪು ಹೇಳಬಾರದು. ಶಾಲೆ ಮಾಡಿದ್ದು ಸರಿನಾ? ಸುಮ್ಮನೆ ನಿಲ್ಲೋದು ಅವಮಾನವಾ? ಹಾಡಲೇಬೇಕು ಅಂತ ಕಾನೂನಿದೆಯಾ? ಮಕ್ಕಳು ಎರಡು ಬಣವಾಗಿ ಕಿತ್ತಾಡಲಿ, ಪಾಠ ಶುರುವಾಗೋದೇ ಅಲ್ಲಿಂದ. ಆಮೇಲೆ ಉಳಿದದ್ದು ಹೇಳಬಹುದು: ಹೈಕೋರ್ಟಿನಲ್ಲಿ ಮಕ್ಕಳು ಸೋತರು. 1986ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್, ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತ ಹೆಸರಾದ ತೀರ್ಪಿನಲ್ಲಿ, ಅವರನ್ನ ವಾಪಸ್ ಸೇರಿಸಿಕೊಳ್ಳಿ ಎಂದಿತು. ಗೌರವದಿಂದ ನಿಂತವರು ಅವಮಾನ ಮಾಡಿದಂತಲ್ಲ, ಹಾಡಲೇಬೇಕು ಅನ್ನೋ ಕಾನೂನೂ ಇಲ್ಲ. ಇಷ್ಟಾದ ಮೇಲೆ ವಿಧಿ 19 ಮತ್ತು 25ನ್ನ ಉರು ಹೊಡೆಸೋ ಅಗತ್ಯ ಇರಲ್ಲ.

ನನಗೆ ಈ ಕೇಸಿನಲ್ಲಿ ಹೆಚ್ಚು ಮುಖ್ಯ ಅನ್ನಿಸೋದು ಮುಖ್ಯೋಪಾಧ್ಯಾಯಿನಿಯ ಪಾತ್ರ. ಆಕೆ ಮಕ್ಕಳನ್ನ ಹೊರಗೆ ಹಾಕಿದ್ದು ಮೇಲಿನ ಅಧಿಕಾರಿಯ ಸೂಚನೆ ಮೇರೆಗೆ. ಕಾಯ್ದೆಯ ಬಲವಿಲ್ಲದ ಇಲಾಖೆಯ ಸುತ್ತೋಲೆಗಳಿಂದ ಮೂಲಭೂತ ಹಕ್ಕನ್ನ ಮೊಟಕು ಮಾಡೋಕಾಗಲ್ಲ ಅಂತ ಕೋರ್ಟ್ ಹೇಳಿತು. ಸರ್ಕ್ಯುಲರ್ ಬೇರೆ, ಕಾಯ್ದೆ ಬೇರೆ. (ಹಾಸ್ಟೆಲ್ ನೋಟಿಸ್ ಬೋರ್ಡ್ ಓದುವಾಗ ನಾವೂ ನೆನಪಿಟ್ಟುಕೊಳ್ಳಬಹುದು.)

ಅದಕ್ಕೇ ಮೊದಲು ಕಲಿಯಬೇಕಾದವರು ಶಿಕ್ಷಕರು. ಕಾನೂನು ಅವರ ಮೇಲೆ ನೇರವಾಗಿಯೇ ಹೊಣೆ ಹೊರಿಸಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 17 ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತೆ. 'ಎರಡೇಟು ಬಿದ್ದರೇ ಬುದ್ಧಿ ಬರೋದು' ಅಂತ ಪೋಷಕರೇ ಬಂದು ಹೇಳಿದರೂ ಕಾನೂನು ಬದಲಾಗಲ್ಲ.

2012ರ ಪೋಕ್ಸೊ ಕಾಯ್ದೆ ಇನ್ನೂ ಕಟ್ಟುನಿಟ್ಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ತನ್ನ ಕೈಕೆಳಗಿನವರು ಮಾಡಿದ ಅಪರಾಧವನ್ನ ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಆದರೆ ಹೇಳದೆ ಉಳಿದ ಮಗುವಿಗೆ ಶಿಕ್ಷೆ ಇಲ್ಲ. 'ಶಾಲೆಯ ಮರ್ಯಾದೆ ಹೋಗುತ್ತೆ, ಇಲ್ಲೇ ಮುಗಿಸೋಣ' ಅನ್ನೋ ಮಾತಿಗೆ ಈ ಕಾಯ್ದೆಯಲ್ಲಿ ಜಾಗವೇ ಇಲ್ಲ.

ಮಕ್ಕಳಿಗೆ ಹೇಳಬೇಕಾದದ್ದು ಇದೇ ಕಾಯ್ದೆಯ ಇನ್ನೊಂದು ಮುಖ. ಹೇಳಿಕೆ ಕೊಡೋಕೆ ಠಾಣೆಗೆ ಹೋಗಬೇಕಿಲ್ಲ, ಮನೆಯಲ್ಲೇ ಕೊಡಬಹುದು. ಬರೆದುಕೊಳ್ಳೋ ಪೊಲೀಸರು ಯೂನಿಫಾರ್ಮಿನಲ್ಲಿ ಇರಬಾರದು. ರಾತ್ರಿ ಮಗುವನ್ನ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇಷ್ಟು ಗೊತ್ತಿದ್ದರೆ ಬಾಯಿ ಬಿಡೋ ಧೈರ್ಯ ಬರಬಹುದು. ಜೊತೆಗೆ ಎರಡು ನಂಬರ್: ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿಗೆ 15100. ಮಕ್ಕಳಿಗೆ ಉಚಿತ ವಕೀಲರನ್ನ ಪಡೆಯೋ ಹಕ್ಕು ಕಾನೂನಿನಲ್ಲೇ ಇದೆ.

ಇದನ್ನ ಲಾ ಓದಿದವರೇ ಹೇಳಬೇಕು ಅಂತೇನಿಲ್ಲ. ಎನ್ಎಸ್ಎಸ್ ಕ್ಯಾಂಪಿಗೆ ಹಳ್ಳಿಗೆ ಹೋದಾಗ ಗೋಡೆಗೆ ಬಣ್ಣ ಬಳಿದು, ಗಿಡ ನೆಟ್ಟು ಬರ್ತೀವಲ್ಲ, ಒಂದು ಮಧ್ಯಾಹ್ನ ಆ ಕೇರಳದ ಕೇಸಿಗೆ ಕೊಡಬಹುದು. ಹೋಗೋ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಪತ್ರ ಬರೆದರೆ ವಕೀಲರನ್ನೂ ಕೇಳಿಕೊಳ್ಳಬಹುದು, ಕಾನೂನು ಅರಿವು ಮೂಡಿಸೋದು ಅವರ ಕೆಲಸವೂ ಹೌದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ನಡೆಯುತ್ತೆ, ಶಾಲೆಗೆ ಶೌಚಾಲಯ ಇಲ್ಲ, ದಾರಿಯಲ್ಲಿ ಬೀದಿದೀಪ ಇಲ್ಲ ಅಂತ ಮಕ್ಕಳೇ ಎದ್ದು ಕೇಳ್ತಾರೆ. ಕ್ಯಾಂಪ್ ಅದಕ್ಕೆ ಸ್ವಲ್ಪ ಮೊದಲು ಬಿದ್ದರೆ, ಅಲ್ಲಿ ಏನು ಕೇಳಬೇಕು ಅಂತ ಅವರ ಜೊತೆ ಕೂತು ಬರೆದುಕೊಳ್ಳೋಕೂ ಸಮಯ ಸಿಗುತ್ತೆ.